ಸಣ್ಣಬೀರಪ್ಪನ ದೊಡ್ಡಿಯಲ್ಲಿ ಎರಡು ದೇಶ

ಸಣ್ಣಬೀರಪ್ಪ ಹಲಗೆಯಾಗಿದ್ದರೆ ಕಲೀಂ ಅವನನ್ನು ಮೊದಲ ದರ್ಜೆಯ ಸಾಲಿಗೆ ಹಾಕುತ್ತಿರಲಿಲ್ಲ. ಉದ್ದವೇನೋ ಸರಿ, ಆದರೆ ಬಲಕ್ಕೆ ತುಸು ವಾಲು. ಹೆಗಲ ಮೇಲೆ ಕಂಬಳಿ ಹೊತ್ತು ಹೊತ್ತು ಬಂದ ವಾಲು. ಮೇಲ್ಪದರಕ್ಕೆ ಪಾಲಿಶ್ ಇಲ್ಲ. ಅಂಚು ಸವೆದಿದೆ, ಮುಂದಿನ ಹಲ್ಲೊಂದು ಟಗರು ಗುದ್ದಿ ಹೋಗಿದೆ. ಗಿರಾಕಿಯ ಕಣ್ಣಿಗೆ ಬೀಳುವಂತೆ ಮುಂದೆ ನಿಲ್ಲಿಸುವ ಮಾಲಲ್ಲ, ಗೋದಾಮಿನ ಹಿಂದಿನ ಗೋಡೆಗೆ ಒರಗಿಸಿಡುವ ಮಾಲು. ಆದರೆ ಪ್ಲೈವುಡ್ಡಿಗೆ ಕೊನೆಗೆ ಬೆಲೆ ಬರುವುದು ಮೇಲ್ಪದರದಿಂದಲ್ಲ, ಒಳಗೆ ಪೊಳ್ಳಿಲ್ಲದಿರುವುದರಿಂದ. ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸದ್ದು ಬರಬೇಕು. ಸಣ್ಣಬೀರಪ್ಪನನ್ನು ಎಲ್ಲಿ ತಟ್ಟಿದರೂ ಒಂದೇ ಸದ್ದು ಎಂದು ಶಿರಾಳಕೊಪ್ಪದ ಪೇಟೆ ಒಪ್ಪಿಕೊಂಡಿತ್ತು. ಪೇಟೆ ಹಾಗೆ ಸುಮ್ಮನೆ ಯಾರನ್ನೂ ಒಪ್ಪುವುದಿಲ್ಲ.

ಕಲೀಮನದು ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ಪ್ಲೈವುಡ್ ಅಂಗಡಿ. ಸಣ್ಣಬೀರಪ್ಪ ತೊಗರ್ಸಿ ಕಡೆಯ ಕುರಿಗಾರ. ಇಬ್ಬರ ನಡುವೆ ವ್ಯಾಪಾರವೆಂಬುದೇ ಇರಲಿಲ್ಲ. ಸಣ್ಣಬೀರಪ್ಪ ಹುಟ್ಟಿದ ಮೇಲೆ ಒಂದು ಹಲಗೆ ಕೊಂಡವನಲ್ಲ. ಕಲೀಂ ಬಕ್ರೀದಿಗೆ ಟಗರು ಕೊಳ್ಳುತ್ತಿದ್ದುದೂ ಬೇರೆಯವರ ಹತ್ತಿರವೇ, ಏಕೆಂದರೆ ಗುರುತಿನವರ ಹತ್ತಿರ ಚೌಕಾಶಿಗೆ ಬಾಯಿ ಬರುವುದಿಲ್ಲ. ಅವರ ನಂಟು ಬೆಳೆದದ್ದು ಕಸದಿಂದ.

ಹೊರದೇಶದ ಹಲಗೆ ಕಟ್ಟುಕಟ್ಟಾಗಿ ಬರುತ್ತದೆ, ಒಂದೊಂದು ಕಟ್ಟಿಗೂ ಅಗಲವಾದ ಪ್ಲಾಸ್ಟಿಕ್ ಪಟ್ಟಿ ಬಿಗಿದಿರುತ್ತದೆ. ಕಟ್ಟು ಬಿಚ್ಚಿದ ಮೇಲೆ ಆ ಪಟ್ಟಿ ಯಾರಿಗೂ ಬೇಡ. ಸುಟ್ಟರೆ ನಾತ, ಚರಂಡಿಗೆ ಬಿಟ್ಟರೆ ಪಕ್ಕದಂಗಡಿಯವರ ಜೊತೆ ಜಗಳ. ಒಂದು ಸಂತೆಯ ದಿನ ಸಣ್ಣಬೀರಪ್ಪ ಅಂಗಡಿಯ ಮುಂದೆ ನಿಂತು ಪಟ್ಟಿಯ ರಾಶಿಯನ್ನು ಕಾಲಲ್ಲಿ ಕೆದರಿ, ಇದನ್ನು ಒಯ್ಯಬಹುದೇ ಎಂದು ಕೇಳಿದ. ಕಸ ಒಯ್ಯಲು ಅಪ್ಪಣೆ ಕೇಳುವವನನ್ನು ಕಲೀಂ ಮೊದಲ ಸಲ ನೋಡಿದ್ದು. ಒಯ್ಯಲು ಬಿಟ್ಟದ್ದಲ್ಲದೆ ಚಹಾ ಕೂಡ ಕುಡಿಸಿ ಕಳಿಸಿದ. ಅಂದಿನಿಂದ ಅದೊಂದು ಪದ್ಧತಿಯಾಯಿತು.

ಸಣ್ಣಬೀರಪ್ಪ ಆ ಪಟ್ಟಿಗಳಿಂದ ಕುರಿದೊಡ್ಡಿಗೆ ತಡಿಕೆ ಹೆಣೆಯುತ್ತಿದ್ದ. ಬಿದಿರಿನ ಗೂಟ ನೆಟ್ಟು, ಬುಟ್ಟಿ ಹೆಣೆದ ಹಾಗೆ ಪಟ್ಟಿಯನ್ನು ಒಳಗೊಮ್ಮೆ ಹೊರಗೊಮ್ಮೆ ತೂರಿಸಿ ಬಿಗಿಯುವುದು. ಮುಳ್ಳುಬೇಲಿಯ ಹಾಗೆ ಉಣ್ಣೆ ಸಿಗಿಸಿಕೊಳ್ಳುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ, ನಾಯಿ ಕಡಿದರೆ ನಾಯಿಯ ಹಲ್ಲಿಗೇ ಕೇಡು. ಮಂದೆ ಬೆಳೆದ ಹಾಗೆ ದೊಡ್ಡಿಯೂ ಬೆಳೆಯಿತು. ಬಾಗಿಲ ಎಡಗಡೆಯಿಂದ ಶುರುವಾದ ಹೆಣಿಗೆ ವರ್ಷವರ್ಷಕ್ಕೂ ಮುಂದೆ ಸರಿದು ಸುತ್ತು ಬರತೊಡಗಿತು.

ಕಲೀಮನ ಅಂಗಡಿಗೆ ಬರುತ್ತಿದ್ದುದು ಎರಡು ದೇಶದ ಮಾಲು. ನೇಪಾಳದ್ದು ಲಾರಿಯಲ್ಲಿ ಗಡಿ ದಾಟಿ ಬರುತ್ತಿತ್ತು, ಅದಕ್ಕೆ ಹಳದಿ ಪಟ್ಟಿ. ವಿಯೆಟ್ನಾಮಿನದು ಹಡಗಿನಲ್ಲಿ ಮಂಗಳೂರಿಗೆ ಬಂದು ಘಟ್ಟ ಹತ್ತುತ್ತಿತ್ತು, ಅದಕ್ಕೆ ನೀಲಿ. ಹಾಗಾಗಿ ದೊಡ್ಡಿಯನ್ನು ಒಂದು ಸುತ್ತು ಹಾಕಿದರೆ ಯಾವ ವರ್ಷ ಯಾವ ದೇಶದ ಮಾಲು ಎಷ್ಟು ಬಂತು ಎಂಬುದು ಓದು ಬಾರದವನಿಗೂ ತಿಳಿಯುತ್ತಿತ್ತು. ಮೊದಲು ಪೂರಾ ಹಳದಿ. ಆಮೇಲೆ ಹಳದಿಯ ನಡುವೆ ಅಲ್ಲೊಂದು ಇಲ್ಲೊಂದು ನೀಲಿ, ಹೊಸ ಸೊಸೆ ಅಡುಗೆಮನೆಗೆ ಹೆದರುತ್ತ ಬಂದ ಹಾಗೆ. ಆಮೇಲೆ ಅರ್ಧಕ್ಕರ್ಧ. ಆಮೇಲೆ ಕೊರೊನಾ ವರ್ಷ. ಎರಡೂ ದೇಶದಿಂದ ಏನೂ ಬಾರದೆ ಆ ಜಾಗಕ್ಕೆ ಸಣ್ಣಬೀರಪ್ಪ ಜಾಲಿಮುಳ್ಳು ತುಂಬಿದ್ದ. ಮುಳ್ಳಿನಿಂದಾಚೆ ಮತ್ತೆ ಪಟ್ಟಿ.

ಒಮ್ಮೆ ಹಲಗೆ ವ್ಯಾಪಾರಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ದಿಲ್ಲಿಯಿಂದ ಬಂದ ಒಂದು ರೇಖಾನಕ್ಷೆ ಹಾಕಿದರು. ಎರಡು ದೇಶದಿಂದ ವರ್ಷಾವರ್ಷ ಬಂದ ಪ್ಲೈವುಡ್ಡು, ಎರಡು ಗೆರೆ, ಒಂದು ಏರುತ್ತ ಒಂದು ಇಳಿಯುತ್ತ ನಡುವೆ ಒಂದನ್ನೊಂದು ದಾಟುತ್ತಿದ್ದವು. ಕಲೀಂ ಅದನ್ನು ಸಣ್ಣಬೀರಪ್ಪನಿಗೆ ತೋರಿಸಿ, ದಿಲ್ಲಿಯವರು ನಿನ್ನ ದೊಡ್ಡಿ ಕದ್ದಿದ್ದಾರೆ ನೋಡು ಅಂದ. ಸಣ್ಣಬೀರಪ್ಪ ಫೋನನ್ನು ದೂರ ಹಿಡಿದು ನೋಡಿ, ಬಾಗಿಲೆಲ್ಲಿ ಎಂದು ಕೇಳಿದ. ಆ ಮಾತನ್ನು ಕಲೀಂ ಒಂದು ತಿಂಗಳು ಪೇಟೆಯಲ್ಲೆಲ್ಲ ಹಂಚಿದ. ಕುರಿದೊಡ್ಡಿಯ ಕಥೆ ಅವನ ಅಂಗಡಿಯ ಬೋರ್ಡಿಗಿಂತ ಹೆಚ್ಚು ದೂರ ಹೋಗಿತ್ತು.

ಇನ್ನು ಸಣ್ಣಬೀರಪ್ಪನ ಮಾತಿನ ವಿಷಯ. ಹಿಂದೊಮ್ಮೆ ದಾರಿಯಲ್ಲಿ ಅವನ ಮಂದೆಯೂ ಉಜ್ಜಪ್ಪನೆಂಬ ಇನ್ನೊಬ್ಬ ಕುರಿಗಾರನ ಮಂದೆಯೂ ಬೆರೆತುಹೋದವು. ಬೇರ್ಪಡಿಸುವಾಗ ಒಂದು ಟಗರುಮರಿ ಯಾರದೆಂದು ತಕರಾರು ಬಂತು. ಕಿವಿಗೆ ಇನ್ನೂ ಗುರುತು ಹಾಕಿರಲಿಲ್ಲ. ಸಣ್ಣಬೀರಪ್ಪನ ಹೆಂಡತಿ ತಾಯಮ್ಮ, ಅದು ತಮ್ಮದೇ ಎಂದು ಸೆರಗು ಬಿಗಿದು ನಿಂತಳು. ಸುತ್ತಲಿನವರು ಸಣ್ಣಬೀರಪ್ಪನ ಮುಖ ನೋಡಿದರು.

“ನಮ್ದು ಅಂತ ಅನ್ನಿಸ್ತೈತಿ, ಆದ್ರ ಗೊತ್ತಿಲ್ಲ,” ಅಂದ ಅವನು. “ಗೊತ್ತಿಲ್ದಿದ್ದು ನಮ್ದಲ್ಲ.”

ಮರಿ ಉಜ್ಜಪ್ಪನ ಜೊತೆ ಹೋಯಿತು. ಅಂದಿನಿಂದ ಶಿಕಾರಿಪುರ, ಸೊರಬ ಎರಡೂ ಕಡೆಯ ಕುರಿಗಾರರು ಮಂದೆ ಬೆರೆತಾಗಲೆಲ್ಲ ಅವನನ್ನು ಕರೆಯತೊಡಗಿದರು. ಅವನಿಗೆ ಬೇರೆಯವರಿಗಿಂತ ಹೆಚ್ಚು ತಿಳಿಯುತ್ತದೆ ಎಂದಲ್ಲ; ತಿಳಿಯದಿದ್ದರೆ ತಿಳಿಯದು ಎನ್ನುತ್ತಾನೆ ಎಂದು. ತಾಯಮ್ಮ ಮಾತ್ರ ಬಂದವರ ಮುಂದೆಲ್ಲ, ನಮ್ಮನೆಯವರ ಮಾತು ಬಾಳ ತುಟ್ಟಿ, ಒಂದು ಟಗರು ಕೊಟ್ಟು ಕೊಂಡಿದ್ದು ಅನ್ನುತ್ತಿದ್ದಳು. ಮೂದಲಿಕೆಯೇ, ಆದರೆ ಒಳಗೊಳಗೆ ಹೆಮ್ಮೆ. ಹೊಲವಿಲ್ಲದ ಆ ಮನೆಗೆ ಕುರಿ ಬಿಟ್ಟರೆ ಆಸ್ತಿ ಅಂತ ಇದ್ದದ್ದು ಅದೊಂದೇ.

ಜಗಳ ತಂದವನು ಕುಬಟೂರಿನ ಲೋಕಪ್ಪ. ಕೊರೊನಾ ಮುಗಿದದ್ದೇ ಹೊಸ ಮನೆ ಕಟ್ಟಿಸಿ, ಕಲೀಮನಲ್ಲಿ ಹಲಗೆ ಕೊಂಡು, ಶಿರಾಳಕೊಪ್ಪದ ಗುಲಾಬ್ ಸಾಬರಿಂದ ಅಡುಗೆಮನೆಯ ಕಪಾಟು ಮಾಡಿಸಿದ್ದ. ನೀರು ತಾಗುವ ಜಾಗ, ನೇಪಾಳದ್ದೇ ಬೇಕು ಎಂದು ಕೇಳಿ ಒಯ್ದದ್ದು. ವಿಯೆಟ್ನಾಮಿನ ಹಲಗೆ ಕೆಟ್ಟದ್ದೆಂದಲ್ಲ; ಕಲೀಂ ತರಿಸುತ್ತಿದ್ದ ದರ್ಜೆ ಬಟ್ಟೆಯ ಕಪಾಟಿಗೆ, ಮಂಚಕ್ಕೆ ಒಳ್ಳೆಯದು, ನೀರಿನ ಬದಿಗೆ ಆಗದು. ಈಗ ತೊಳೆಯುವ ತೊಟ್ಟಿಯ ಕೆಳಗಿನ ಬಾಗಿಲುಗಳು ಉಬ್ಬಿ, ಹಪ್ಪಳದ ಹಾಗೆ ಪದರು ಬಿಟ್ಟಿದ್ದವು.

ಮೊದಲ ಸಲ ಲೋಕಪ್ಪ ಬಂದು ಕೇಳಿದಾಗ ಕಲೀಂ ಕಣ್ಣು ಕೂಡ ಮಿಟುಕಿಸದೆ, ಹಲಗೆ ನೇಪಾಳದ್ದೇ, ಬಡಗಿಯ ಕೆಲಸ ಹೇಗಿದೆ ನೋಡಿ ಅಂದಿದ್ದ. ಗುಲಾಬ್ ಸಾಬರು ಅಂಚಿಗೆ ಬಣ್ಣ ಬಳಿಯದೆ ಬಿಟ್ಟಿರಬೇಕು, ಅವರಿಗೂ ವಯಸ್ಸಾಯಿತಲ್ಲ, ಕಣ್ಣು ಕಾಣುವುದಿಲ್ಲ ಎಂದೂ ಸೇರಿಸಿದ್ದ. ಗುಲಾಬ್ ಸಾಬರು ಕಲೀಮನ ತಂದೆಯ ಜೊತೆಗಾರರು. ಕಲೀಮನ ಅಂಗಡಿಯ ಮೊದಲ ಗಲ್ಲಾಪೆಟ್ಟಿಗೆ ಮಾಡಿಕೊಟ್ಟವರು. ಮಾತು ಆನವಟ್ಟಿ ದಾಟಿ ಸೊರಬದವರೆಗೆ ಹೋಯಿತು. ಅಲ್ಲಿ ಅವರು ಒಪ್ಪಿಕೊಂಡಿದ್ದ ಕೆಲಸಗಳು ಒಂದೊಂದಾಗಿ ಬೇರೆ ಬಡಗಿಗಳ ಪಾಲಾದವು. ಗುಲಾಬ್ ಸಾಬರು ವಾದಕ್ಕೆ ಬರಲಿಲ್ಲ. ಅಂಗಡಿಯ ಮುಂದೆ ಹಾಯುವಾಗ ಸಲಾಂ ಹೇಳುವುದನ್ನು ಮಾತ್ರ ಬಿಟ್ಟರು.

ಎರಡನೆಯ ಸಲ ಲೋಕಪ್ಪ ಬಂದದ್ದು ಸಂತೆಯ ದಿನ, ಅಂಗಡಿ ತುಂಬ ಜನರಿದ್ದಾಗ. ಉಬ್ಬಿದ ಬಾಗಿಲೊಂದನ್ನು ಗೋಣಿಯಲ್ಲಿ ಸುತ್ತಿ ತಂದಿದ್ದ. ಬೇರೊಬ್ಬ ಬಡಗಿ ನೋಡಿ, ಬಡಗಿಯ ತಪ್ಪಲ್ಲ, ಹಲಗೆಯೇ ಬೇರೆ ಅಂದನಂತೆ.

“ಎಂತ ಸಾಬ್ರೇ, ನೇಪಾಳ ಅಂತ ಹೇಳಿ ಯಾವ ದೇಶದ್ದು ಹಾಕಿ ಕಳಿಸಿದ್ರಿ ಮಾರಾಯ್ರೆ?” ಅಂದ.

ಆ ಹೊತ್ತಿಗೆ ಸಣ್ಣಬೀರಪ್ಪ ಪಟ್ಟಿಯ ಸಿಂಬೆ ಸುತ್ತುತ್ತ ಮೂಲೆಯಲ್ಲಿ ಕೂತಿದ್ದ. ಅವನನ್ನು ನೋಡಿದ್ದೇ ಕಲೀಮನಿಗೆ ಹುರುಪು ಬಂತು. ಬಿಲ್ಲು ಬೇಡ, ಆಣೆ ಬೇಡ, ಬೀರಪ್ಪಣ್ಣನ ದೊಡ್ಡಿಗೆ ನಡೆಯಿರಿ, ಆ ವರ್ಷದ ತಡಿಕೆ ಹಳದಿಯೋ ನೀಲಿಯೋ ನಿಮ್ಮ ಕಣ್ಣಾರೆ ನೋಡಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಜನ ನಕ್ಕರು. ಲೋಕಪ್ಪನಿಗೂ ಅದು ಹಿಡಿಸಿತು. ಪ್ರತಿವರ್ಷ ಅವನ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತಿದ್ದವನೇ ಸಣ್ಣಬೀರಪ್ಪ. ಬೀರಪ್ಪ ಹೇಳಿದರೆ ತಾನು ಒಪ್ಪುತ್ತೇನೆ ಅಂದ.

ಸಣ್ಣಬೀರಪ್ಪ ಸಿಂಬೆ ಸುತ್ತುವುದನ್ನು ನಿಲ್ಲಿಸಿದ. “ಬಿಡ್ರಿ ಸಾಬ್ರೇ. ಕುರಿ ಹಿಕ್ಕಿ ವಾಸ್ನಿ, ಅಲ್ಲೇನ್ ನೋಡ್ತೀರಿ.”

ಕಲೀಂ ಅದನ್ನು ನಾಚಿಕೆ ಎಂದುಕೊಂಡ. ತನ್ನ ಮನೆಗೆ ಪೇಟೆಯವರು ಬರುತ್ತಾರೆಂದು ಸಂಕೋಚ ಪಡುತ್ತಿದ್ದಾನೆ ಎಂದುಕೊಂಡ. ಕಲೀಂ ಸುಳ್ಳು ಹೇಳುತ್ತಿರಲಿಲ್ಲ, ಅದೇ ದೊಡ್ಡ ಅವಮಾನದ ಸಂಗತಿ. ಮಾರುವಾಗ ಎಷ್ಟು ಸಲ ನೇಪಾಳ ನೇಪಾಳ ಎಂದಿದ್ದನೆಂದರೆ ಕೊನೆಗೆ ತಾನೂ ನಂಬಿಬಿಟ್ಟಿದ್ದ. ಗಿರಾಕಿಗೆ ಮಾರಬೇಕಾದ ಮಾತನ್ನು ವ್ಯಾಪಾರಿ ತಾನೇ ಕೊಂಡುಕೊಂಡರೆ ಹೀಗೇ.

ದೊಡ್ಡಿ ತಲುಪಿದಾಗ ಕುರಿಗಳು ಮೇಯಲು ಹೋಗಿದ್ದವು. ತಾಯಮ್ಮ ಮಜ್ಜಿಗೆ ತಂದಳು. ಕಲೀಂ ಚೆಂಬು ಹಿಡಿದೇ ಮುಂದೆ ನಡೆದ, ಬಾಗಿಲ ಎಡದಿಂದ ಶುರುಮಾಡಿ, ಮದುವೆಮನೆ ತೋರಿಸುವ ಯಜಮಾನನ ಹಾಗೆ. ಇದು ಇಂಥ ವರ್ಷ, ಇದು ಇಂಥ ವರ್ಷ, ಇಲ್ಲಿ ವಿಯೆಟ್ನಾಂ ಕಾಲಿಟ್ಟಿದ್ದು, ಇಲ್ಲಿ ಸಮ ಆಗಿದ್ದು, ಇದು ಕೊರೊನಾ ಮುಳ್ಳು. ಇನ್ನು ಮುಳ್ಳಿನ ಆಚೆಯ ಮೊದಲ ತಡಿಕೆ, ಲೋಕಪ್ಪನವರ ಮನೆಯ ವರ್ಷ ಎಂದು ಕೈ ಚಾಚಿದ.

ತಡಿಕೆ ಪೂರಾ ನೀಲಿಯಾಗಿತ್ತು.

ಚಾಚಿದ ಕೈಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಆ ನೀಲಿಯನ್ನು ನೋಡುತ್ತಿದ್ದ ಹಾಗೆ ಆ ವರ್ಷ ಗೋದಾಮಿನಲ್ಲಿ ನಡೆದದ್ದು ಒಂದೊಂದಾಗಿ ಮೇಲೆ ಬಂತು. ನೇಪಾಳದ ಲಾರಿ ನಿಂತೇಹೋಗಿತ್ತು. ಉಳಿದಿದ್ದ ಹಳೆಯ ಹಲಗೆಗಳನ್ನು ತಾನೇ ವಿಯೆಟ್ನಾಮಿನ ರಾಶಿಯ ಮೇಲೆ ಜೋಡಿಸಿ, ಮೇಲಿನದನ್ನು ತೋರಿಸು, ಕೆಳಗಿನಿಂದ ಎಳೆದುಕೊಡು ಎಂದು ಆಳಿಗೆ ಹೇಳಿದ್ದ. ಒಂದೆರಡು ವಾರದ ಮಟ್ಟಿಗೆ ಎಂದು ಶುರುವಾಗಿದ್ದು.

ಲೋಕಪ್ಪ ಮಾತಾಡುವ ಮೊದಲೇ ಸಣ್ಣಬೀರಪ್ಪ ತಡಿಕೆಯ ಹತ್ತಿರ ಹೋಗಿ ಒಂದು ಪಟ್ಟಿಯ ತುದಿಯನ್ನು ಒಳಕ್ಕೆ ಸಿಗಿಸಿದ. ಮುಖ ಬೇಲಿಯ ಕಡೆಗೇ ಇತ್ತು.

“ಇದು ಆಮ್ಯಾಲೆ ಹೆಣೆದಿದ್ರೀ,” ಅಂದ. “ಟಗರು ಗುದ್ದಿ ಹಳದಿ ತಡಿಕಿ ಕಿತ್ತಿತ್ತು. ಹ್ವಾದ ವರ್ಷ ನೀಲಿ ಹಾಕಿ ಮತ್ತ ಹೆಣೆದೆ.”

ಕಲೀಂ ಪಟ್ಟಿಗಳನ್ನು ನೋಡಿದ. ಬಿಸಿಲಿಗೆ ಕಾದು ಕಾದು, ನೀಲಿ ಹೋಗಿ ಬೂದಿಬಣ್ಣಕ್ಕೆ ತಿರುಗಿದ್ದವು. ಹೋದ ವರ್ಷದ ಪಟ್ಟಿ ಹಾಗಿರಲು ಸಾಧ್ಯವೇ ಇರಲಿಲ್ಲ. ತಾಯಮ್ಮನೂ ಗಂಡನನ್ನು ನೋಡಿದಳು, ಆಮೇಲೆ ಕಲೀಮನನ್ನು ನೋಡಿದಳು. ಅವನ ಕೈಯಿಂದ ಚೆಂಬು ತೆಗೆದುಕೊಂಡು ಒಳಗೆ ಹೋದಳು. ಮಜ್ಜಿಗೆ ಇನ್ನೂ ಅರ್ಧವಿತ್ತು.

ಲೋಕಪ್ಪ ಪಟ್ಟಿಯನ್ನು ನೋಡಲೇ ಇಲ್ಲ. ಅವನು ನೋಡಿದ್ದು ಹೇಳಿದವನನ್ನು. ಬೀರಪ್ಪ ಹೇಳಿದ ಮೇಲೆ ಮುಗಿಯಿತು ಎಂದು ಅಲ್ಲೇ ಕಲೀಮನಿಗೆ ಕೈಮುಗಿದು, “ತಪ್ಪಾಯ್ತು ಸಾಬ್ರೇ, ಜನರ ಮುಂದೆ ಮಾತಾಡಿಬಿಟ್ಟೆ,” ಅಂದ. ಆ ಎರಡು ಕೈಗಳನ್ನು ಕೆಳಗಿಳಿಸುವ ಶಕ್ತಿ ಕಲೀಮನಿಗೆ ಇರಲಿಲ್ಲ. ಪೇಟೆಯಲ್ಲಿ ಅವನಿಗೆ ಬೈದವರಿದ್ದಾರೆ, ಒಮ್ಮೆ ಕಾಲರ್ ಹಿಡಿದವರೂ ಇದ್ದಾರೆ. ಯಾವುದೂ ಅಷ್ಟು ಭಾರವಾಗಿರಲಿಲ್ಲ.

ವಾಪಸು ಬರುವಾಗ ಲೋಕಪ್ಪ ಬೈಕಿನ ಹಿಂದೆ ಕೂತು ಕಲೀಮನ ಹೆಗಲ ಮೇಲೆ ಕೈಯಿಟ್ಟಿದ್ದ. ಹಾಗಾದರೆ ತಪ್ಪು ಗುಲಾಬ್ ಸಾಬರದೇ ಅಂತಾಯಿತು, ಇವತ್ತೇ ಕೇಳಿಬಿಡುತ್ತೇನೆ, ನೀವೂ ಬನ್ನಿ ಅಂದ. ಕಲೀಂ ದಾರಿಯುದ್ದಕ್ಕೂ ಬಾಯಿ ತೆರೆಯಲು ನೋಡಿದ. ನಿಜ ಹೇಳಿದರೆ ಗುಲಾಬ್ ಸಾಬರು ಉಳಿಯುತ್ತಾರೆ, ಆದರೆ ಸಣ್ಣಬೀರಪ್ಪ ಸುಳ್ಳನಾಗುತ್ತಾನೆ. ಸುಮ್ಮನಿದ್ದರೆ ಬೀರಪ್ಪ ಉಳಿಯುತ್ತಾನೆ, ಗುಲಾಬ್ ಸಾಬರು ಹೋಗುತ್ತಾರೆ. ತಕ್ಕಡಿಯ ಎರಡು ತಟ್ಟೆಯಲ್ಲೂ ಅವನದೇ ತಪ್ಪು, ತೂಕಕ್ಕೆ ಕೂತವರು ಮಾತ್ರ ಬೇರೆಯವರು.

ಗುಲಾಬ್ ಸಾಬರು ಕೆಲಸದ ಕೊಟ್ಟಿಗೆಯಲ್ಲಿ ಉಳಿ ಮಸೆಯುತ್ತಿದ್ದರು. ಲೋಕಪ್ಪ ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿಸಿಕೊಂಡರು. ಕೊನೆಗೆ, ಬಾಗಿಲು ಬಿಚ್ಚಿ ಹೊಸದು ಹಾಕಿಕೊಡುತ್ತೇನೆ, ಕೂಲಿ ಬೇಡ ಅಂದರು. ಕಲೀಮನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಅವನು ಸುಮ್ಮನಿರುತ್ತಿದ್ದನೋ ಏನೋ.

ಹಲಗೆ ವಿಯೆಟ್ನಾಮಿನದು, ರಾಶಿ ಜೋಡಿಸಿದ್ದು ತಾನೇ ಎಂದು ಕಲೀಂ ಹೇಳಿದ. ಹೇಳಿದ ಮೇಲೆ, ಒಳಗಿನ ವ್ಯಾಪಾರಿ ಎದ್ದು ಕೂತ. ನಷ್ಟ ಆಗಲೇ ಆಗಿದೆ, ಸಣ್ಣಬೀರಪ್ಪನ ಪಾಲಿನದನ್ನೂ ತನ್ನ ಖಾತೆಗೆ ಹಾಕಿಕೊಂಡರೆ ಅವನಾದರೂ ಉಳಿದಾನು ಎಂದು ತಲೆ ಓಡಿತು.

“ಬೀರಪ್ಪಣ್ಣಂಗೆ ಹಂಗೆ ಹೇಳು ಅಂತ ನಾನೇ ಹೇಳಿಕೊಟ್ಟಿದ್ದೆ. ಅಷ್ಟು ವರ್ಷ ಪಟ್ಟಿ ಕೊಟ್ಟೋನು ಕೇಳಿದ್ರೆ ಅವನು ಹೆಂಗೆ ಇಲ್ಲ ಅಂತಾನೆ?”

ಗುಲಾಬ್ ಸಾಬರು ಉಳಿ ಕೆಳಗಿಟ್ಟು, ಕುಂದ್ರು, ಚಹಾ ತರಿಸ್ತೀನಿ ಅಂದರು. ಚಹಾ ಕುಡಿದು ಹೊರಗೆ ಬಂದಾಗ ಕಲೀಮನಿಗೆ ಹಗುರವೆನಿಸಿತ್ತು. ಒಳ್ಳೆಯ ರಾಜಿ ಮಾಡಿದೆ ಎನಿಸಿತ್ತು. ಮುಂದಿನ ವಾರವೇ ನಿಜವಾದ ನೇಪಾಳದ ಹಲಗೆ ಕುಬಟೂರಿಗೆ ಹೋಯಿತು, ಗುಲಾಬ್ ಸಾಬರೇ ಕೂರಿಸಿ ಬಂದರು. ಸಲಾಂ ಮತ್ತೆ ಶುರುವಾಯಿತು.

ಮಾತು ಮಾತ್ರ ಸುಮ್ಮನೆ ಕೂರಲಿಲ್ಲ. ಲೋಕಪ್ಪ ಕೆಟ್ಟವನಲ್ಲ, ಆದರೆ ಮೋಸಹೋದವನು ಹೇಳಿಕೊಳ್ಳದೆ ಇರಲಾರ. ವ್ಯಾಪಾರಿ ಸುಳ್ಳು ಹೇಳಿದ್ದು ಯಾರಿಗೂ ಸುದ್ದಿಯಾಗಲಿಲ್ಲ. ಅದಕ್ಕೇ ತಾನೆ ಅವನು ವ್ಯಾಪಾರಿ. ಸುದ್ದಿಯಾದದ್ದು ಇನ್ನೊಂದು. ಪಟ್ಟಿ ಕೊಟ್ಟರೆ ಸಣ್ಣಬೀರಪ್ಪ ಸಾಕ್ಷಿ ಹೇಳುತ್ತಾನಂತೆ ಎಂಬುದು ಸಂತೆಯಿಂದ ಸಂತೆಗೆ ಹೋಯಿತು. ಸೊರಬದ ಕಡೆ ಎರಡು ಮಂದೆ ಬೆರೆತಾಗ ಯಾರೋ ರೂಢಿಯಂತೆ ಸಣ್ಣಬೀರಪ್ಪನಿಗೆ ಹೇಳಿಕಳಿಸಿದರು. ಅವನು ಹೋಗುವಷ್ಟರಲ್ಲಿ ಅಲ್ಲಿ ಬೇರೊಬ್ಬನನ್ನು ಕೂರಿಸಿ ಆಗಿತ್ತು. ಕೂತವನು, ಹಿಂದೊಮ್ಮೆ ಟಗರುಮರಿ ಹೊಡೆದುಕೊಂಡು ಹೋದ ಉಜ್ಜಪ್ಪನೇ. ಒಬ್ಬರೂ ಒರಟಾಗಿ ಮಾತಾಡಲಿಲ್ಲ. ಎಲೆ ಅಡಿಕೆ ಕೊಟ್ಟರು, ಮಳೆ ಬೆಳೆ ಕೇಳಿದರು, ಕುರಿಯ ವಿಷಯ ಮಾತ್ರ ಎತ್ತಲಿಲ್ಲ. ಸಣ್ಣಬೀರಪ್ಪ ಸ್ವಲ್ಪ ಹೊತ್ತು ನಿಂತಿದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ.

ಮುಂದಿನ ಸಂತೆಯ ದಿನ ಅವನು ಅಂಗಡಿಗೆ ಬಂದಾಗ ಕಲೀಂ ಪಟ್ಟಿಯ ದೊಡ್ಡ ಸಿಂಬೆಗಳನ್ನು ತಾನೇ ಸುತ್ತಿಸಿ ಇಟ್ಟಿದ್ದ, ಹಳದಿ ಬೇರೆ, ನೀಲಿ ಬೇರೆ. ಸಣ್ಣಬೀರಪ್ಪ ಅವನ್ನು ಮುಟ್ಟಲಿಲ್ಲ. ಚಹಾ ಬಂತು, ಕುಡಿದ. ಸಿಟ್ಟಿಗೆ ಚಹಾ ಬಿಡುವ ಮನುಷ್ಯ ಅವನಲ್ಲ.

ಕಲೀಂ ತಾನೇ ಶುರುಮಾಡಿದ. ನಿನ್ನ ಮಾತು ಉಳಿಯಲಿ ಎಂದು ತಪ್ಪನ್ನೆಲ್ಲ ನನ್ನ ಮೇಲೆ ಹಾಕಿಕೊಂಡೆ ಬೀರಪ್ಪಣ್ಣ ಅಂದ. ಹೇಳುವಾಗಲೇ ಅದು ಗಿರಾಕಿಗೆ ಹೇಳುವ ಧಾಟಿಯಲ್ಲಿದೆ ಎಂದು ಅವನಿಗೇ ಕೇಳಿಸಿತು.

ಸಣ್ಣಬೀರಪ್ಪ ಲೋಟ ಕೆಳಗಿಟ್ಟ.

“ಸುಳ್ಳು ಹೇಳಿದ್ದು ನಾನು, ತಪ್ಪು ನಂದೇ. ನಿಮ್ ಕೈ ಗಾಳ್ಯಾಗ ಹಂಗೇ ನಿಂತಿತ್ತು, ನೋಡಾಕ ಆಗ್ಲಿಲ್ಲ, ಹೇಳಿದೆ. ಅದು ನಾ ಪುಕ್ಕಟೆ ಕೊಟ್ಟಿದ್ದು ಸಾಬ್ರೇ. ನೀವು ಅದಕ್ಕ ರೇಟ್ ಹಾಕಿದ್ರಿ.”

ಸಣ್ಣಬೀರಪ್ಪ ಬರ್ತೀನ್ರೀ ಎಂದು ಎಂದಿನ ಹಾಗೆ ಹೇಳಿ, ಬಲಕ್ಕೆ ವಾಲಿಕೊಂಡು, ಬರಿಗೈಯಲ್ಲಿ ಬಸ್ ನಿಲ್ದಾಣದ ಕಡೆ ನಡೆದ.

ಮತ್ತೆ ಅವನು ಅಂಗಡಿಗೆ ಬಂದಿಲ್ಲ. ಪಟ್ಟಿಯ ರಾಶಿ ಗೋದಾಮಿನ ಹಿಂದೆ ಬೆಳೆಯುತ್ತಿದೆ. ಬೇರೆ ಯಾರೋ ಕೇಳಿದರು, ಕಲೀಂ ಕೊಡಲಿಲ್ಲ. ವ್ಯಾಪಾರಿಗಳ ಗುಂಪಿನಲ್ಲಿ ಈ ವರ್ಷದ ನಕ್ಷೆಯೂ ಬಂತು, ಅವೇ ಎರಡು ಗೆರೆ, ಇನ್ನೊಂದಿಷ್ಟು ಮುಂದೆ ಹೋಗಿದ್ದವು. ಅವನು ಅದನ್ನು ಯಾರಿಗೂ ತೋರಿಸದೆ ಮುಚ್ಚಿದ. ಮೊನ್ನೆ ತೊಗರ್ಸಿ ಕಡೆ ಬಾಕಿ ಕೆಲಸಕ್ಕೆ ಹೋಗಿದ್ದವನು ರಸ್ತೆಯ ಬದಿಗೆ ಬೈಕ್ ನಿಲ್ಲಿಸಿ ದೂರದಿಂದ ದೊಡ್ಡಿ ನೋಡಿದ. ಮಂದೆ ಬೆಳೆದಿತ್ತು, ದೊಡ್ಡಿಯೂ ಒಂದು ಮಾರು ಮುಂದೆ ಬಂದಿತ್ತು. ಹೊಸ ಜಾಗದಲ್ಲಿ ಹಳದಿಯೂ ಇರಲಿಲ್ಲ, ನೀಲಿಯೂ ಇರಲಿಲ್ಲ. ಜಾಲಿಮುಳ್ಳು ತುಂಬಿತ್ತು, ಕೊರೊನಾ ವರ್ಷದ ಹಾಗೆ. ತಾಯಮ್ಮ ಮುಳ್ಳಿಗೆ ಸಿಕ್ಕ ಉಣ್ಣೆ ಬಿಡಿಸುತ್ತಿದ್ದಳು. ಅವಳು ತಲೆಯೆತ್ತುವ ಮೊದಲೇ ಅವನು ಬೈಕ್ ಶುರುಮಾಡಿದ.

ಸಣ್ಣಬೀರಪ್ಪನಿಗೆ ಕಲೀಂ ಕೊಡಬೇಕಾದದ್ದು ಇಷ್ಟು: ಕುರಿಗಾರರೆಲ್ಲ ಕೂಡಿದ ಕಡೆ ಎದ್ದು ನಿಂತು, ಅಂದು ಇವನು ಹೇಳಿದ ಸುಳ್ಳನ್ನು ನಾನು ಹೇಳಿಸಿರಲಿಲ್ಲ, ಕೊಂಡೂ ಇರಲಿಲ್ಲ ಎಂದು ಹೇಳುವುದು. ಅದನ್ನು ಅವನು ಇನ್ನೂ ಕೊಟ್ಟಿಲ್ಲ.